ಬಿಸಿಲ ದೇಶಕ್ಕೆ ಬಂದವರಿಗೆ ನಾನು ಕೊಟ್ಟ ಉಪದೇಶ

ಮೊದಲೇ ಒಪ್ಪಿಕೊಂಡುಬಿಡುತ್ತೇನೆ. ನಾರ್ವೆ ದೇಶದ ಒಬ್ಬ ಸಾಧು ಮೇಷ್ಟ್ರ ಹೊಟ್ಟೆ ಕೆಡಿಸಿ, ಅವರನ್ನು ಮೂಡಿಗೆರೆಯ ಡಾಕ್ಟ್ರ ಮಂಚದ ಮೇಲೆ ಮಲಗಿಸಿ, ಆ ಅಪವಾದ ಒಬ್ಬ ಅಡುಗೆಯ ಹೆಂಗಸಿನ ತಲೆಗೆ ಬರುವಂತೆ ಮಾಡಿದ ಮಹಾನುಭಾವ ನಾನೇ. ವಿಷ ಹಾಕಲಿಲ್ಲ, ಹಳಸಿದ್ದು ಬಡಿಸಲಿಲ್ಲ. ಬರೀ ಉಪದೇಶ ಕೊಟ್ಟೆ. ಅದೇ ನನ್ನ ಕೆಲಸವಾಗಿತ್ತು.

ಜಾವಳಿ ಹತ್ತಿರದ ಒಂದು ಎಸ್ಟೇಟಿನ ಹೋಂಸ್ಟೇಯಲ್ಲಿ, ನಮ್ಮ ದೇಶಕ್ಕೆ ಮೊದಲ ಸಲ ಬರುವ ಪರದೇಶದವರನ್ನು ಜಗಲಿಯಲ್ಲಿ ಕೂರಿಸಿಕೊಂಡು, ಇಲ್ಲಿ ಏನು ತಿನ್ನಬೇಕು, ಏನು ಮುಟ್ಟಬಾರದು, ಯಾವುದಕ್ಕೆ ಕಿರುಚಬೇಕು, ಯಾವುದಕ್ಕೆ ಕಿರುಚಿ ಪ್ರಯೋಜನವಿಲ್ಲ ಎಂದು ಹೇಳುವುದು. ಇದಕ್ಕೆ ಬ್ರೀಫಿಂಗ್ ಎಂದು ಹೆಸರು. ಆ ಕೆಲಸದಿಂದ ನಿವೃತ್ತನಾದಾಗ ನನಗಿನ್ನೂ ಮೂವತ್ತು ತುಂಬಿರಲಿಲ್ಲ. ಶಾಲು, ಹಾರ, ಭಾಷಣ ಯಾವುದೂ ಆಗಲಿಲ್ಲ. ಈಗ ಕೊಟ್ಟಿಗೆಹಾರದಲ್ಲಿ ನಮ್ಮ ಅಬ್ಬನ, ಅಂದರೆ ಅಪ್ಪನ, ಗ್ಯಾರೇಜಿನಲ್ಲಿ ಜೀಪಿನ ಕೆಳಗೆ ಮಲಗಿರುತ್ತೇನೆ. ಜೀಪು ಯಾರ ಉಪದೇಶವನ್ನೂ ಕೇಳುವುದಿಲ್ಲ, ಆದ್ದರಿಂದ ಅದರ ಹೊಟ್ಟೆ ಕೆಟ್ಟರೆ ನನ್ನ ತಪ್ಪಲ್ಲ.

ಈಚೆಗೆ ನಮ್ಮ ಕಡೆ ಎರಡು ಕೋಣೆ, ಒಂದು ಗೀಸರು ಇದ್ದವರೆಲ್ಲ ಹೋಂಸ್ಟೇ ಬೋರ್ಡು ಹಾಕಿಕೊಂಡಿದ್ದಾರೆ. ಅಲ್ಲಿಗೆಲ್ಲ ನನ್ನಂಥ ವಾಚಾಳಿಗಳು ಸೇರುತ್ತಿದ್ದಾರೆ. ಅವರಿಗೆ ಇದು.

ನಾನು ಈ ಕೆಲಸಕ್ಕೆ ಸೇರಿದ್ದೇ ಒಂದು ಅವಮರ್ಯಾದೆಯಿಂದ. ಎಸ್ಟೇಟಿನ ಗೌಡ್ರು ನಮ್ಮ ಗ್ಯಾರೇಜಿಗೆ ಜೀಪು ರಿಪೇರಿಗೆ ತಂದಿದ್ದರು. ಅವರು ಬರುವ ಮೊದಲು ಅವರ ಕೆಮ್ಮು ಬರುತ್ತದೆ, ಕೆಮ್ಮಿನ ಹಿಂದೆ ಗಂಟಲು ಸರಿಮಾಡಿಕೊಳ್ಳುವ ಒಂದು ಗುಡುಗು, ಆಮೇಲೆ "ಏನಪ್ಪ, ಆಯ್ತಾ?" ಎಂಬ ಮಾತು. ನಾನು ಹುಡುಗರ ಮುಂದೆ ಅಷ್ಟನ್ನೂ ಕ್ರಮವಾಗಿ ಮಾಡಿ ತೋರಿಸುತ್ತಿದ್ದೆ. ಯಾರೂ ನಗಲಿಲ್ಲ. ಹಿಂತಿರುಗಿ ನೋಡಿದರೆ ಗೌಡ್ರು ನಿಂತಿದ್ದಾರೆ.

"ಕೆಮ್ಮು ಪರವಾಗಿಲ್ಲ. ಆ ಗುಡುಗು ಸ್ವಲ್ಪ ಜಾಸ್ತಿ ಆಯ್ತು ಮಾರಾಯ" ಎಂದರು. "ಇಷ್ಟು ಬಾಯಿ ಇದೆಯಲ್ಲ, ನಮ್ಮಲ್ಲಿ ಬಂದು ಮಾತಾಡು. ಸಂಬಳ ಕೊಡ್ತೀನಿ."

ಅದಕ್ಕೆ ಮೊದಲು ಬ್ರೀಫಿಂಗ್ ಕೊಡುತ್ತಿದ್ದವರು ಸ್ವತಃ ಗೌಡ್ರೇ. ಅರೇಬಿಕಾ, ರೊಬಸ್ಟಾ, ಅವರ ಅಜ್ಜ, ಅಜ್ಜ ಹೊಡೆದ ಹಂದಿ, ಹಂದಿ ಬಿದ್ದ ಜಾಗ. ಕೇಳುವವರು ವಿಮಾನದಿಂದ ಇಳಿದು ನಿದ್ದೆಗೆಟ್ಟವರು, ಹಂದಿ ಬೀಳುವ ಮೊದಲೇ ಅವರು ಬೀಳುತ್ತಿದ್ದರು. ಏನು ತಿನ್ನಬಾರದು ಎಂಬಲ್ಲಿಗೆ ಕಥೆ ಬರುತ್ತಲೇ ಇರಲಿಲ್ಲ.

ಬೆಂಗಳೂರಿನ ಏಜೆನ್ಸಿ ಮೇಡಂ ಇವರನ್ನೆಲ್ಲ ನಮಗೆ ಕಳಿಸುತ್ತಿದ್ದರು. ಅವರು ಬರುವವರ ಕೈಗೆ ಒಂದು ಹಾಳೆಯನ್ನೂ ಕೊಡುತ್ತಿದ್ದರು. ಬಿಸಿಲ ದೇಶಕ್ಕೆ ಹೋಗುತ್ತಿದ್ದೀರಿ, ತೆಳ್ಳಗಿನ ಹತ್ತಿಬಟ್ಟೆ ತನ್ನಿ, ಹ್ಯಾಟು ತನ್ನಿ, ಮುಖಕ್ಕೆ ಬಳಿದುಕೊಳ್ಳಲು ಕ್ರೀಮು ತನ್ನಿ. ಆ ಹಾಳೆ ಬರೆದವರು ಕೊಟ್ಟಿಗೆಹಾರವನ್ನು ಜುಲೈ ತಿಂಗಳಲ್ಲಿ ಕಂಡಿರಲಿಕ್ಕಿಲ್ಲ. ನಾನು ಸೇರಿದ ಹೊಸದರಲ್ಲಿ ಗಂಡ ಹೆಂಡತಿ ಇಬ್ಬರು ಬಂದಿಳಿದರು. ಚಡ್ಡಿ, ತೋಳಿಲ್ಲದ ಅಂಗಿ, ಕಪ್ಪು ಕನ್ನಡಕ, ಮುಖಕ್ಕೆ ದಪ್ಪಗೆ ಕ್ರೀಮು. ಮೇಲೆ ಕೊಟ್ಟಿಗೆಹಾರದ ಮಳೆ. ಕ್ರೀಮು ಇಳಿದು ಗಡ್ಡದಿಂದ ತೊಟ್ಟಿಕ್ಕುತ್ತಿತ್ತು, ಹಲ್ಲು ಕಟಕಟ.

"ಸೂರ್ಯ ಎಲ್ಲಿ?" ಎಂದು ಕೇಳಿದರು ಆ ಯಜಮಾನರು.

"ರಜೆ ಮೇಲೆ ಹೋಗಿದ್ದಾನೆ. ಅಕ್ಟೋಬರಿಗೆ ಡ್ಯೂಟಿಗೆ ಬರ್ತಾನೆ" ಎಂದೆ.

ಗೌಡ್ರ ಹಳೇ ಕಂಬಳಿಗಳನ್ನು ಹೊದೆದುಕೊಂಡು ಅವರು ನಾಲ್ಕು ದಿನ ಒಲೆಯ ಮುಂದೆ ಕೂತು ಬಿಸಿಲ ದೇಶವನ್ನು ಅನುಭವಿಸಿ ಹೋದರು. ಆದ್ದರಿಂದ ತಮ್ಮಂದಿರಾ, ತಂಗಿಯರಾ, ಯಾರಾದರೂ ಏನು ಬಟ್ಟೆ ತರಲಿ ಎಂದು ಕೇಳಿದರೆ ಯಾವ ತಿಂಗಳು ಎಂದು ತಿರುಗಿ ಕೇಳಿ. ಯಾವ ದೇಶ ಎಂಬುದು ಆಮೇಲಿನ ಮಾತು.

ರಕ್ತ ಹೀರುವ ಇಂಬಳದ ವಿಷಯವನ್ನು ಯಾರೂ ನೆಟ್ಟಗೆ ಹೇಳುವುದಿಲ್ಲ. ಒಬ್ಬರು ಬೆಂಗಳೂರಿನವರು ಬಂದಿದ್ದರು. ಪರದೇಶದವರನ್ನಾದರೂ ಸಹಿಸಬಹುದು, ಬೆಂಗಳೂರಿನವರು ತಾವು ಮೊದಲ ಸಲ ಬಂದವರು ಎಂದು ಒಪ್ಪುವುದೇ ಇಲ್ಲ. ಈ ಮನುಷ್ಯ ವೀಡಿಯೊ ನೋಡಿ ಕಲಿತುಕೊಂಡು ಮೊಣಕಾಲಿನವರೆಗೆ ಉಪ್ಪು ಸವರಿ, ಹುರಿಯಲು ಸಿದ್ಧಮಾಡಿದ ಮೀನಿನ ಹಾಗೆ ತೋಟಕ್ಕಿಳಿದ. ಮಳೆಗೆ ಉಪ್ಪು ತೊಳೆದುಹೋಯಿತು. ಕಿವಿಯ ಹಿಂದೆ ಒಂದು ಇಂಬಳ ಕಚ್ಚಿಕೊಂಡಿತು. ಅಂಗಳದಲ್ಲಿ ಕೂತು ಹೆಂಡತಿಗೆ ಫೋನ್ ಮಾಡಿ, ಮಕ್ಕಳನ್ನು ಚೆನ್ನಾಗಿ ನೋಡಿಕೋ ಎನ್ನುವ ಮಟ್ಟಕ್ಕೆ ಹೋಗಿದ್ದ. ನಮ್ಮ ಅಡುಗೆಯ ಜಯಕ್ಕ ಒಳಗಿಂದ ಬಂದು, ಎಲೆಯಡಿಕೆ ಚೀಲದಿಂದ ಬೆರಳ ತುದಿಯಲ್ಲಿ ಸುಣ್ಣ ತೆಗೆದು ಮುಟ್ಟಿಸಿದರು. ಇಂಬಳ ಉದುರಿತು.

"ಇಷ್ಟು ದೊಡ್ಡ ಗಂಡಸು, ಇಷ್ಟು ಸಣ್ಣ ಹುಳ. ಅದಕ್ಕೆ ಹೆದರಿಕೆ ಆಗ್ಬೇಕಿತ್ತು" ಎಂದು ಒಳಗೆ ಹೋದರು.

ಜಯಕ್ಕನ ಬಗ್ಗೆ ಹೇಳಬೇಕು. ಆ ಮನೆಗೆ ಹೋಂಸ್ಟೇ ಬೋರ್ಡು ಬೀಳುವ ಮೊದಲಿಂದಲೂ ಅಡುಗೆಮನೆ ಅವರದ್ದು. ಗಂಡ ತೀರಿಕೊಂಡ ಮೇಲೆ ಜಾವಳಿಯಿಂದ ದಿನಾ ನಡೆದು ಬಂದು ಅದರಿಂದಲೇ ಮಗಳನ್ನು ಓದಿಸಿ ಮದುವೆ ಮಾಡಿದವರು. ಕೆಸುವಿನ ಪತ್ರೊಡೆ, ಕಳಲೆ ಪಲ್ಯ, ಮೀನುಸಾರು, ಅಕ್ಕಿರೊಟ್ಟಿ. ಕೈ ಬಹಳ ಒಳ್ಳೆಯದು, ಸಿಟ್ಟು ಮೂಗಿನ ತುದಿಯಲ್ಲೇ. ಒಮ್ಮೆ ಯಾರೋ ಅವರ ಮೀನುಸಾರನ್ನು ಬಾಯಿಗಿಟ್ಟು ಮುಖ ಸಿಂಡರಿಸಿದರು ಅಂತ ಎರಡು ದಿನ ಎಲ್ಲರಿಗೂ ಬರೀ ಅನ್ನ, ನೀರುನೀರು ತೊವ್ವೆ. "ಇದಕ್ಕೆ ಯಾರೂ ಮುಖ ಮಾಡ್ಲಿಕ್ಕಿಲ್ಲ ಅಲ್ವಾ?" ಎಂದು ಬಡಿಸಿದರು. ಗೌಡ್ರು ಕೂಡ ತೆಪ್ಪಗೆ ಉಂಡರು. ಆಗಿನಿಂದ ನನ್ನ ಬ್ರೀಫಿಂಗಿಗೆ ಒಂದು ನಿಯಮ ಸೇರಿತು: ಖಾರವಾದರೂ ಅಡುಗೆಯವರ ಮುಂದೆ ಬಾಯಿ ಬಿಡಬೇಡಿ, ಅವರಿಗೆ ನೋವಾಗುತ್ತದೆ.

ಇನ್ನು ಫೋಟೊ. ಕಾಫಿ ಕೊಯ್ಯುವ ಹೆಂಗಸರ ಮುಖದ ಮುಂದೆ ಕ್ಯಾಮೆರಾ ಹಿಡಿಯುವ ರೋಗ ಎಲ್ಲ ದೇಶದವರಿಗೂ ಇದೆ. ಹೀಗೆ ಹಿಡಿದ ಒಬ್ಬನಿಗೆ ಒಬ್ಬಳು ಬುಟ್ಟಿ ಕೆಳಗಿಟ್ಟು, "ನನ್ನ ಫೋಟೊ ನಿನ್ನ ಮನೇಲಿ ಎಂಥಕ್ಕೆ? ನಿನ್ನ ಹೆಂಡ್ತಿ ಯಾರಿದು ಅಂತ ಕೇಳಿದ್ರೆ ಎಂಥ ಹೇಳ್ತೀಯ?" ಎಂದಳು. ಅವಳು ಏನಂದಳು ಎಂದು ಅವನು ಕೇಳಿದ. ನಮ್ಮವರು ಇಂಥ ಕಡೆ 'ಅವರಿಗೆ ಬಹಳ ಸಂತೋಷವಾಗಿದೆ' ಎಂದು ತರ್ಜುಮೆ ಮಾಡುತ್ತಾರೆ. ನಾನು ಅಕ್ಷರಶಃ ಹೇಳಿದೆ. ಕ್ಯಾಮೆರಾ ಚೀಲಕ್ಕೆ ಹೋಯಿತು, ಸಂಜೆಯವರೆಗೆ ಹೊರಗೆ ಬರಲಿಲ್ಲ. ಪ್ರವಾಸಿಗಳು ಇಲ್ಲಿ ಕೆಡುವುದರಲ್ಲಿ ಅರ್ಧ ಪಾಲು ನಮ್ಮ ಸಿಹಿ ತರ್ಜುಮೆಯದ್ದೇ.

ಬೇರೆಯವರನ್ನೇ ಆಡಿಕೊಂಡೆ, ನನ್ನದೂ ಇರಲಿ. ಏಪ್ರಿಲಿನಲ್ಲಿ ಒಂದು ಗುಂಪನ್ನು ಚಾರ್ಮಾಡಿ ಇಳಿಸಿ ಮಂಗಳೂರಿನ ಸಮುದ್ರ ತೋರಿಸಲು ಗೌಡ್ರು ನನ್ನನ್ನು ಕಳಿಸಿದರು. ಘಾಟಿಯುದ್ದಕ್ಕೂ ಉಪದೇಶ ಮಾಡಿದೆ: ನೀರು ಕುಡಿಯುತ್ತಿರಿ, ತಲೆಗೆ ಬಟ್ಟೆ ಹಾಕಿ, ಮಧ್ಯಾಹ್ನ ಮರಳಿಗಿಳಿಯಬೇಡಿ, ತಿರುವುಗಳಲ್ಲಿ ಫೋನ್ ನೋಡಿದರೆ ವಾಂತಿ ಖಂಡಿತ. ಅವರು ಎಲ್ಲವನ್ನೂ ಪಾಲಿಸಿದರು. ನಾನು ಯಾವುದನ್ನೂ ಪಾಲಿಸಲಿಲ್ಲ, ನಾನು ಇಲ್ಲಿಯವನಲ್ಲವೇ! ಕೊಟ್ಟಿಗೆಹಾರದ ಮಂಜಿನಲ್ಲಿ ಬೆಳೆದ ದೇಹ ಮಧ್ಯಾಹ್ನದ ಮರಳಿನ ಮೇಲೆ ಕಡಿದ ಬಾಳೆಯ ಹಾಗೆ ಬಿತ್ತು. ಕಣ್ಣು ಬಿಟ್ಟಾಗ ಗುಂಪಿನ ಅಜ್ಜಿಯೊಬ್ಬರು ನನ್ನ ಬಾಯಿಗೆ ಸಕ್ಕರೆ ಉಪ್ಪಿನ ನೀರು ಹಾಕುತ್ತಿದ್ದರು, ಮಿಕ್ಕವರು ನನ್ನ ಮೇಲೆ ಕೊಡೆ ಹಿಡಿದು ನಿಂತಿದ್ದರು. ಬಿಸಿಲ ದೇಶದ ತಜ್ಞನ ಬಿಸಿಲ ಅನುಭವ ಅಷ್ಟು.

ಇಷ್ಟಾದರೂ ನನ್ನ ಬ್ರೀಫಿಂಗ್ ಎಂದರೆ ಜನ ಊಟ ಬಿಟ್ಟು ಕೂರುತ್ತಿದ್ದರು. ಯಾಕೆಂದರೆ ನಾನು ಹೇಳುತ್ತಿರಲಿಲ್ಲ, ಮಾಡಿ ತೋರಿಸುತ್ತಿದ್ದೆ. ಕಳಸದ ಬಸ್ಸಿನ ಕಂಡಕ್ಟರ್ 'ಇಲ್ಲೇ, ಹತ್ರ' ಎನ್ನುವುದು, ಅದನ್ನು ನಂಬಿದ ಪ್ರವಾಸಿ ಕತ್ತಲಾಗುವವರೆಗೆ ನಡೆಯುವುದು. ಏಜೆನ್ಸಿ ಮೇಡಂ ಫೋನಿನಲ್ಲಿ ನಗುವುದು. ಎಲ್ಲಕ್ಕಿಂತ ಮೇಲಾಗಿ ಗೌಡ್ರು. ಗೌಡ್ರದ್ದು ಎಷ್ಟು ಹದಕ್ಕೆ ಬಂದಿತ್ತೆಂದರೆ, ಅವರು ಮಧ್ಯಾಹ್ನ ಮಲಗಿದ್ದಾಗ ಮೇಡಂ ಫೋನ್ ಮಾಡಿದರೆ ನಾನೇ ಕೆಮ್ಮಿ, ಗುಡುಗಿ, "ಹೇಳಿ ಮೇಡಂ" ಎನ್ನುತ್ತಿದ್ದೆ. ಗೌಡ್ರಿಗೂ ಇದು ಗೊತ್ತಿತ್ತು. "ನಾನು ಏನು ಹೇಳ್ದೆ ಅಂತ ಎದ್ದ ಮೇಲೆ ನನಗೂ ಹೇಳು ಮಾರಾಯ" ಎನ್ನುತ್ತಿದ್ದರು.

ಮೇಷ್ಟ್ರು ಬಂದದ್ದು ಕಾಫಿ ಕೊಯ್ಲಿನ ದಿನಗಳಲ್ಲಿ. ಹೆಸರು ಹೆನ್ರಿಕ್, ಲೆಕ್ಕದ ಮೇಷ್ಟ್ರಾಗಿದ್ದು ನಿವೃತ್ತರಾದವರು. ಹಿಮದ ಊರು ಬಿಟ್ಟು ಇಷ್ಟು ದೂರ ಬಂದದ್ದು ಅದೇ ಮೊದಲು. ಮಿಕ್ಕವರು ಬ್ರೀಫಿಂಗಿಗೆ ಕಾಲು ಚಾಚಿಕೊಂಡು ಕೂತರೆ ಇವರು ಬೆನ್ನು ನೆಟ್ಟಗೆ ಮಾಡಿ ಕೂತರು. ಶೂ ಹಾಕುವ ಮೊದಲು ಕೊಡವಿ ಎಂದೆ. ಹೊರಡುವ ತನಕ ಚಪ್ಪಲಿಯನ್ನೂ ಕೊಡವಿದರು. ಕುದಿಸಿದ ನೀರನ್ನೇ ಕುಡಿಯಿರಿ ಎಂದೆ. ಹಲ್ಲುಜ್ಜಲೂ ಅದನ್ನೇ ಒಯ್ದರು. ಇಂಥವರು ಸಿಕ್ಕಾಗ ಉಪದೇಶಕನಿಗೆ ತಲೆ ತಿರುಗುತ್ತದೆ. ಕೊನೆಗೆ ಒಂದು ತಮಾಷೆ ಸೇರಿಸುವುದು ನನ್ನ ಪದ್ಧತಿ. ಅಡುಗೆಮನೆಯ ಹಿಂದೆ ಬಟ್ಟೆ ಒಗೆಯುವ ಕಲ್ಲಿನ ಪಕ್ಕ ಜೀರಿಗೆ ಮೆಣಸಿನ ಗಿಡವಿತ್ತು; ಹಕ್ಕಿ ಬಿತ್ತಿದ್ದು. ಕಾಯಿ ಅಕ್ಕಿಕಾಳಿಗಿಂತ ಸ್ವಲ್ಪ ದೊಡ್ಡದು, ಖಾರ ಆನೆಯನ್ನು ಓಡಿಸುವಷ್ಟು. ಊಟಕ್ಕೆ ಮೊದಲು ಇದನ್ನು ಅಗಿದು ನುಂಗಬೇಕು, ಮೇಲೆ ನೀರು ಕುಡಿಯಬಾರದು, ಈ ದೇಶದ ಒಂದು ಕ್ರಿಮಿಯೂ ಹತ್ತಿರ ಸುಳಿಯುವುದಿಲ್ಲ ಎಂದೆ. ಎಲ್ಲ ಗುಂಪಿಗೂ ಹೇಳುತ್ತಿದ್ದೆ, ಎಲ್ಲರೂ ನಗುತ್ತಿದ್ದರು. ಅವತ್ತೂ ನಕ್ಕರು. ಮೇಷ್ಟ್ರು ನಗಲಿಲ್ಲವೆಂಬುದನ್ನು ನಾನು ಗಮನಿಸಲಿಲ್ಲ.

ಮಾರನೆಯ ದಿನದಿಂದ ಮೇಷ್ಟ್ರು ಊಟದ ಹೊತ್ತಿಗೆ ಮೊದಲು ಒಗೆಯುವ ಕಲ್ಲಿನ ಕಡೆ ಹೋಗಿ ಬರುತ್ತಿದ್ದರು. ಹಕ್ಕಿ ನೋಡುತ್ತಾರೆ ಎಂದು ಜಯಕ್ಕ ತಿಳಿದರು. ಬಂದು ಕೂತಾಗ ಮುಖ ಕೆಂಪು, ಕಣ್ಣಲ್ಲಿ ನೀರು, ಹಣೆ ತುಂಬ ಬೆವರು. "ಪಾಪ, ನಮ್ಮ ಸೆಖೆ ತಡೀಲಿಕ್ಕೆ ಆಗೋದಿಲ್ಲ" ಎಂದು ಜಯಕ್ಕ ಬೀಸಣಿಗೆ ತಂದಿಟ್ಟರು. ಚಳಿಗಾಲ! ಅವರು ಬಡಿಸಿದ್ದನ್ನೆಲ್ಲ ಮೇಷ್ಟ್ರು ಮಾತಿಲ್ಲದೆ ಉಂಡು, ಕೈಮುಗಿದು ಏಳುತ್ತಿದ್ದರು. ಇಷ್ಟು ಮರ್ಯಾದಸ್ಥರನ್ನು ನೋಡಿಲ್ಲ ಎಂದು ಜಯಕ್ಕ ಇನ್ನೊಂದು ಸೌಟು ಹಾಕುತ್ತಿದ್ದರು.

ನಾಲ್ಕನೆಯ ದಿನ ಮೇಷ್ಟ್ರು ಏಳಲಿಲ್ಲ. ಹೊಟ್ಟೆ ಹಿಡಿದುಕೊಂಡು ಮುದುರಿದ್ದರು. ಜೀಪಿನಲ್ಲಿ ಹಾಕಿಕೊಂಡು ಮೂಡಿಗೆರೆಗೆ ಹೋದೆವು. ಡಾಕ್ಟ್ರು ಡ್ರಿಪ್ ಹಾಕಿ, "ಏನು ತಿಂದಿದ್ರು?" ಎಂದರು. "ನಮ್ಮನೆ ಊಟ" ಎಂದರು ಗೌಡ್ರು. "ಹಂಗಾದ್ರೆ ಅದೇ ಇರ್ಬೇಕು" ಎಂದರು ಡಾಕ್ಟ್ರು. ಮೇಷ್ಟ್ರು ಕಣ್ಣು ಬಿಟ್ಟು ನನ್ನ ಕೈ ಹಿಡಿದು, "ನೀವು ಹೇಳಿದ ಹಾಗೆ ನಾನು ಬಾಯಿ ಬಿಡಲಿಲ್ಲ" ಎಂದರು. ಜ್ವರಕ್ಕೆ ಬಡಬಡಿಸುತ್ತಿದ್ದಾರೆ ಎಂದು ನಾನು ತಲೆ ಸವರಿದೆ. ನನ್ನ ಬುದ್ಧಿಯ ಎತ್ತರವನ್ನು ಇದರಿಂದ ಅಳೆದುಕೊಳ್ಳಬಹುದು.

ಸಂಜೆಗೆ ಏಜೆನ್ಸಿ ಮೇಡಂ ಫೋನು. "ಗೌಡ್ರೇ, ಇದು ಹೈಜೀನ್ ಇಶ್ಯೂ. ಕುಕ್ ಚೇಂಜ್ ಮಾಡಿ. ಇಲ್ಲಾಂದ್ರೆ ನೆಕ್ಸ್ಟ್ ಗ್ರೂಪ್ ನಾವು ಬೇರೆ ಕಡೆ ಕಳಿಸ್ತೀವಿ." ಗೌಡ್ರು ಕೆಮ್ಮಲೂ ಇಲ್ಲ, ಗುಡುಗಲೂ ಇಲ್ಲ. ಚಿಕ್ಕಮಗಳೂರಿನ ಹೋಟೆಲೊಂದರಲ್ಲಿ ಬಿಳೀ ಟೋಪಿ ಹಾಕಿ ಅಡುಗೆ ಮಾಡುವ ಒಬ್ಬನನ್ನು ಗೊತ್ತುಮಾಡಿಬಿಟ್ಟರು. ಆಮೇಲೆ ಅಡುಗೆಮನೆಯ ಬಾಗಿಲಲ್ಲಿ ನಿಂತು, ಒಳಗೆ ಕಾಲಿಡದೆ, "ಜಯಾ, ನೀನೂ ಸುಮಾರು ವರ್ಷ ದುಡ್ದಿ. ಸ್ವಲ್ಪ ದಿನ ರೆಸ್ಟ್ ತಗೋ" ಎಂದರು.

"ಎಷ್ಟು ದಿನ ಗೌಡ್ರೇ?"

ಗೌಡ್ರು ಚಾವಣಿ ನೋಡಿದರು.

"ಗೊತ್ತಾಯ್ತು ಬಿಡಿ" ಎಂದರು ಜಯಕ್ಕ. "ಕೆಲ್ಸ ಹೋದ್ರೆ ಹೋಗ್ತದೆ, ಇನ್ನೊಂದು ಸಿಗ್ತದೋ ಇಲ್ವೋ ನೋಡುವ. ಆದ್ರೆ ಆ ಮನುಷ್ಯನ್ನ ಮಲಗಿಸಿದ ಹೆಂಗಸು ಇವಳೇ ಅಂತ ಜಾವಳೀಲಿ ಎಲ್ರೂ ಹೇಳ್ತಾರಲ್ಲ, ಆಮೇಲೆ ನನಗೆ ಒಲೆ ಕೊಡೋರು ಯಾರು?"

ಗೌಡ್ರು ಹೋದ ಮೇಲೆ ನಾನು ಅವರನ್ನು ನಗಿಸಲು ಮೇಡಂ ದನಿಯಲ್ಲಿ, "ಹೈಜೀನ್ ಇಶ್ಯೂ ಗೌಡ್ರೇ" ಎಂದು ಮಾಡಿ ತೋರಿಸಿದೆ. ಜಯಕ್ಕ ನಗಲಿಲ್ಲ. ಆ ಬೆಂಕಿ ನಾನೇ ಹಚ್ಚಿದ್ದೆಂದು ನನಗೆ ಆಗ ತಿಳಿದಿರಲಿಲ್ಲ. ತಿಳಿದಿದ್ದರೂ ಮೊದಲು ಮಿಮಿಕ್ರಿ ಮಾಡಿ ಆಮೇಲೆ ಯೋಚಿಸುತ್ತಿದ್ದೆನೋ ಏನೋ.

ಮೇಷ್ಟ್ರನ್ನು ವಾಪಸು ಕರೆತಂದ ದಿನ ಜಯಕ್ಕನಿಗೆ ಕೊನೆಯ ದಿನ. ಟೋಪಿಯವನು ಮಾರನೆಯ ಬೆಳಿಗ್ಗೆ ಬರುವವನಿದ್ದ. ಜಗಲಿಯಲ್ಲಿ ಗೌಡ್ರು ಕುರ್ಚಿಯ ಮೇಲೆ, ಮೇಷ್ಟ್ರು ಶಾಲು ಹೊದ್ದು ಬೆಂಚಿನ ಮೇಲೆ, ನಾನು ಕಂಬಕ್ಕೆ ಒರಗಿ. ಜಯಕ್ಕ ಗಂಜಿ ಮಾಡಿ ತಂದಿಟ್ಟರು. ಉಪ್ಪು ಬಿಟ್ಟು ಏನೂ ಹಾಕಿರಲಿಲ್ಲ. ಇದರಲ್ಲೂ ತಪ್ಪು ಹುಡುಕಿ ನೋಡುವಾ ಎಂಬಂತೆ ಪಕ್ಕದಲ್ಲೇ ನಿಂತರು.

ಮೇಷ್ಟ್ರು ಕೈಮುಗಿದು, ಒಂದು ನಿಮಿಷ ಎಂದು ಸನ್ನೆ ಮಾಡಿ ಎದ್ದರು. ಗೋಡೆ ಹಿಡಿದುಕೊಂಡು ಹಿತ್ತಲಿಗೆ ಹೋದರು. ಗೋಡೆ ಹಿಡಿದುಕೊಂಡೇ ಬಂದರು. ಅಂಗೈಯಲ್ಲಿ ನಾಲ್ಕೈದು ಕೆಂಪು ಜೀರಿಗೆ ಮೆಣಸು.

"ಅಯ್ಯೋ! ಅದೆಂಥಕ್ಕೆ!" ಎಂದು ಜಯಕ್ಕ ಕೈ ಹಿಡಿದುಕೊಂಡರು.

ಮೇಷ್ಟ್ರು ಇಂಗ್ಲಿಷಿನಲ್ಲಿ ಸಮಾಧಾನವಾಗಿ ಹೇಳಿದರು: "ಊಟಕ್ಕೆ ಮೊದಲು. ಮೂರು ದಿನ ತಪ್ಪಿಹೋಗಿದೆ. ಆಸ್ಪತ್ರೆಯಲ್ಲಿ ಸಿಗಲಿಲ್ಲ."

"ಇದನ್ನ ತಿನ್ಲಿಕ್ಕೆ ನಿಮಗೆ ಯಾರು ಹೇಳಿದ್ದು?" ಎಂದರು ಗೌಡ್ರು.

ಮೇಷ್ಟ್ರು ಗೌಡ್ರನ್ನೇ ಭಕ್ತಿಯಿಂದ ನೋಡಿದರು. "ನಿಮ್ಮ ಅಜ್ಜನವರ ಕ್ರಮ ಅಲ್ಲವೇ? ಇದನ್ನು ತಿಂದೇ ಅವರು ನೂರು ವರ್ಷ ಬದುಕಿದ್ದರಂತೆ. ನಜೀರ್ ಬಹಳ ಚೆನ್ನಾಗಿ ವಿವರಿಸಿದರು." ಇಷ್ಟು ಹೇಳಿ, ನಾನು ವಿವರಿಸಿದ ರೀತಿಯನ್ನೂ ತೋರಿಸಿದರು: ಮೊದಲು ಒಂದು ಕೆಮ್ಮು, ಹಿಂದೆ ಗಂಟಲ ಗುಡುಗು. ಲೆಕ್ಕದ ಮೇಷ್ಟ್ರು, ಒಂದೂ ಬಿಟ್ಟಿರಲಿಲ್ಲ.

ಹೌದು. ಆ ನಿಯಮವನ್ನು ನಾನು ಗೌಡ್ರ ದನಿಯಲ್ಲಿ, ಗೌಡ್ರ ಅಜ್ಜನ ಹೆಸರಿನಲ್ಲಿ ಹೇಳಿದ್ದೆ. ಹಾಗೆ ಹೇಳಿದರೆ ನಗು ಜಾಸ್ತಿ ಬರುತ್ತಿತ್ತು.

ಜಯಕ್ಕ ಮೇಷ್ಟ್ರ ಅಂಗೈಯಿಂದ ಮೆಣಸನ್ನು ತೆಗೆದು ಅಂಗಳಕ್ಕೆಸೆದರು.

"ನಮ್ಮಜ್ಜಂಗೆ ಹೊಟ್ಟೆಹುಣ್ಣಿತ್ತು ಮಾರಾಯ" ಎಂದರು ಗೌಡ್ರು, ನನ್ನ ಕಡೆ ತಿರುಗಿ. "ಮೆಣ್ಸು ಕಂಡ್ರೆ ಎದ್ದು ಹೋಗ್ತಿದ್ರು."

ನಾನು ಮೇಷ್ಟ್ರಿಗೆ ಅದು ತಮಾಷೆ ಎಂದು ಇಂಗ್ಲಿಷಿನಲ್ಲಿ ತಿಳಿಸಿದೆ. ತಮಾಷೆಯನ್ನು ವಿವರಿಸಿ ಹೇಳುವಷ್ಟು ಹೀನಾಯವಾದ ಕೆಲಸ ಇನ್ನೊಂದಿಲ್ಲ. ಅವರು ಬಹಳ ಹೊತ್ತು ಯೋಚಿಸಿ, "ಹಾಗಾದರೆ ಶೂ ಕೊಡವುವುದು?" ಎಂದರು. ಅದು ನಿಜ ಎಂದೆ. "ಎರಡನ್ನೂ ನೀವು ಒಂದೇ ಮುಖದಲ್ಲಿ ಹೇಳಿದಿರಿ" ಎಂದರು. ಸಿಟ್ಟಿಲ್ಲ, ಅನುಮಾನ ಪರಿಹಾರ ಮಾಡಿಕೊಳ್ಳುವ ದನಿ. ಹೊಸದಾಗಿ ಈ ಕೆಲಸಕ್ಕೆ ಬರುವವರು ಬೇರೆ ಯಾವುದನ್ನು ಮರೆತರೂ ಈ ಮಾತನ್ನು ಮರೆಯಬೇಡಿ. ದಾರಿ ತಿಳಿಯದವನಿಗೆ ನಮ್ಮ ನಿಜ ಯಾವುದು, ನಗೆ ಯಾವುದು ಎಂದು ತಿಳಿಯುವ ಉಪಾಯವೇ ಇಲ್ಲ. ನಮ್ಮ ಊರಿನವರಿಗೆ ಅದು ಗೊತ್ತಾಗುತ್ತದೆ. ಅವರು ನನ್ನ ಯಾವ ಮಾತನ್ನೂ ನಂಬುವುದಿಲ್ಲ.

ಮುಂದೆ ಏನಾಯಿತೆಂಬುದನ್ನು ಮೊದಲೇ ಹೇಳಿಬಿಡುತ್ತೇನೆ. ಟೋಪಿಯವನು ಬರಲಿಲ್ಲ. ಜಯಕ್ಕ ಒಲೆ ಬಿಡಲಿಲ್ಲ. ಗುಂಪುಗಳು ಈಗಲೂ ಬರುತ್ತವೆ, ಬಡಿಸುವವರು ಅವರೇ. ಇಂಥವನ ಬಾಯಿಗೆ ಇನ್ನು ಅತಿಥಿಗಳನ್ನು ಕೊಡಬೇಡಿ ಎಂದು ಮೇಡಂ ಕಟ್ಟುನಿಟ್ಟಾಗಿ ಹೇಳಿದರು, ನಾನು ಗ್ಯಾರೇಜಿಗೆ ಬಂದೆ. ಅವರು ಹಾಗೆ ಹೇಳಿದ್ದು ನನ್ನ ಬಾಯಿಂದಲೇ ನಿಜ ಕೇಳಿದ ಮೇಲೆ. ಆದರೆ ಆ ನಿಜ ಅಷ್ಟು ಸಲೀಸಾಗಿ ಹೊರಗೆ ಬರಲಿಲ್ಲ.

ಮೊದಲು ಗೌಡ್ರು ನನ್ನನ್ನು ಕುರ್ಚಿಯ ಪಕ್ಕಕ್ಕೆ ಕರೆದರು. ಎರಡು ಹೆಜ್ಜೆ ಆಚೆ ಜಯಕ್ಕ ನಿಂತಿದ್ದಾರೆಂಬುದು ಅವರ ಲೆಕ್ಕಕ್ಕೇ ಬರಲಿಲ್ಲ. "ನೋಡು, ಅಜ್ಜನ ಹೆಸರೆಲ್ಲ ಬರ್ತದೆ, ನಮ್ಮ ಹುಡುಗನೇ ತಮಾಷೆ ಮಾಡ್ದ ಅಂದ್ರೆ ಮನೆ ಮರ್ಯಾದೆ ಹೋಗ್ತದೆ. ನೀರಿನ ಟ್ಯಾಂಕ್ ಗಲೀಜಾಗಿತ್ತು, ಕ್ಲೀನ್ ಮಾಡ್ಸಿದೀವಿ ಅಂತ ಮೇಡಂಗೆ ಹೇಳ್ಬಿಡು. ಅಡುಗೆಯವ್ಳಿಗೂ ಎರಡು ಮಾತು ಬುದ್ಧಿ ಹೇಳಿದೀನಿ ಅನ್ನು. ನನಗೆ ಸುಳ್ಳು ಹೇಳ್ಲಿಕ್ಕೆ ಬರೋದಿಲ್ಲ. ನನ್ನ ದನೀಲಿ ನೀನೇ ಹೇಳು."

ಆಹಾ, ಎಂಥ ಉಪಾಯ ಎಂದುಕೊಂಡೆ! ನಾನು ಉಳಿದೆ, ಗೌಡ್ರ ಅಜ್ಜ ಉಳಿದರು. ಜಯಕ್ಕನ ಕೆಲಸವೂ ಉಳಿಯಿತು. ಅವರ ಅಡುಗೆಮನೆಯ ಮೇಲಿನ ಮಸಿ ಅಲ್ಲೇ ಇತ್ತು, ಅದು ನಮ್ಮಿಬ್ಬರಿಗೂ ಕಾಣಲಿಲ್ಲ. ಗೌಡ್ರ ಫೋನ್ ತೆಗೆದುಕೊಂಡು ಮೇಡಂಗೆ ಮಾಡಿದೆ. ಆ ಕಡೆ ಮೇಡಂ, "ಹಲೋ ಗೌಡ್ರೇ, ಕುಕ್ ಚೇಂಜ್ ಆಯ್ತಾ?" ಎಂದರು. ನಾನು ಕೆಮ್ಮಿದೆ. ಗುಡುಗಿದೆ. "ಹೇಳ್ತೀನಿ ಕೇಳಿ ಮೇಡಂ" ಎಂದು ಶುರುಮಾಡಿದೆ.

ಗಂಜಿಯ ಸೌಟು ಹಿಡಿದುಕೊಂಡೇ ಜಯಕ್ಕ ನನ್ನ ಎದುರು ಬಂದು ನಿಂತರು. ಫೋನಿನ ಆ ಕಡೆಗೂ ಕೇಳುವಷ್ಟು ಸ್ಪಷ್ಟವಾಗಿ ಹೇಳಿದರು:

"ಗೌಡ್ರು ಇಲ್ಲೇ ಕೂತಿದಾರೆ, ಅವ್ರಿಗೆ ಬಾಯಿದೆ. ನಿನ್ನದು ಅಂತ ಒಂದು ದನಿ ಇದ್ರೆ ಅದ್ರಲ್ಲಿ ಮಾತಾಡು ನಜೀರ. ಇಲ್ದಿದ್ರೆ ಫೋನ್ ನನ್ನ ಕೈಗೆ ಕೊಡು."